ಬಗ್ ಸಿಕ್ಕಿತು, ಮುಂದೇನು? ಬಗ್‌ಜಿಲ್ಲಾದಲ್ಲಿ ಒಂದು ಬಗ್‌ನ ಪೂರ್ತಿ ದಾರಿ

ಸಾಫ್ಟ್‌ವೇರ್‌ನಲ್ಲಿರುವ ತಪ್ಪಿಗೆ ಬಗ್ ಎನ್ನುತ್ತಾರೆ, ಅಂಥ ತಪ್ಪುಗಳ ಲೆಕ್ಕ ಇಡುವ ಒಂದು ಟ್ರ್ಯಾಕರ್ ಬಗ್‌ಜಿಲ್ಲಾ. ಈ ಟಿಪ್ಪಣಿಯಲ್ಲಿ ಒಂದೇ ಒಂದು ಬಗ್ ಇದೆ. ಅದು ಕಣ್ಣಿಗೆ ಬಿದ್ದ ಹೊತ್ತಿನಿಂದ ಮುಚ್ಚುವ ತನಕ ಅದರ ಹಿಂದೆಯೇ ಹೋಗೋಣ. ಬಗ್ ಯಾವ ಹಂತದಲ್ಲಿದೆ ಎಂದು ಹೇಳುವ ಸ್ಟೇಟಸ್‌ಗಳ ಪಟ್ಟಿ ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬಹುದು. ಆದರೆ ಕೆಲಸಕ್ಕೆ ಕೂತಾಗ ಬರೀ ಪಟ್ಟಿ ಸಾಲುವುದಿಲ್ಲ. ಒಂದು ಬಗ್ಗನ್ನು ಕೊನೆತನಕ ನೋಡಿದರೆ ಪಟ್ಟಿಯಲ್ಲಿರುವ ಹೆಸರುಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಉದಾಹರಣೆ ಹೀಗಿದೆ ಅಂದುಕೊಳ್ಳಿ. ಒಂದು ಕಾಲೇಜಿಗಾಗಿ ಫಲಿತಾಂಶ ತೋರಿಸುವ ವೆಬ್ ಆ್ಯಪ್ ಮಾಡಿದ್ದೇವೆ. ಆಫೀಸಿನವರು ‘ರ‍್ಯಾಂಕ್ ಪಟ್ಟಿ’ ಎಂದು ತಲೆಬರಹ ಟೈಪ್ ಮಾಡುತ್ತಾರೆ. ಟೈಪ್ ಮಾಡುವಾಗ ಸರಿಯಾಗಿಯೇ ಕಾಣುತ್ತದೆ. ಸೇವ್ ಒತ್ತಿ, ಪುಟ ಮತ್ತೆ ತೆರೆದರೆ ‘ರ್ಯಾಂಕ್ ಪಟ್ಟಿ’ ಆಗಿರುತ್ತದೆ. ರ ಕೆಳಗಿದ್ದ ಯ ಒತ್ತು ಹೋಗಿ, ಯಾ ಪಕ್ಕ ಅರ್ಕಾವತ್ತು ಬಂದು ಕೂತಿದೆ.

ಕನ್ನಡ ಓದುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಆದರೆ ಇದನ್ನು ಸರಿಮಾಡುವ ಡೆವಲಪರ್‌ಗೆ ಕನ್ನಡ ಬರುತ್ತದೆ ಅಂತ ಏನು ಗ್ಯಾರಂಟಿ? ನಾನು ಈ ಉದಾಹರಣೆ ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ನಮ್ಮ ಪಕ್ಕ ಕೂತಿಲ್ಲದ, ನಮಗೆ ಗೊತ್ತಿರುವುದು ಗೊತ್ತಿಲ್ಲದ ಒಬ್ಬರು ಓದಿ, ನಮ್ಮನ್ನು ಏನೂ ಕೇಳದೆ ಕೆಲಸ ಶುರು ಮಾಡುವ ಹಾಗಿರಬೇಕು. ಅದೇ ಒಳ್ಳೆಯ ಬಗ್ ವರದಿ.

ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದರೆ ಸಾಲದೇ?

ಸಾಲುವುದಿಲ್ಲ. ‘ರ‍್ಯಾಂಕ್ ಅನ್ನೋದು ತಪ್ಪಾಗಿ ಬರ್ತಿದೆ, ಯಾರಾದ್ರೂ ನೋಡಿ’ ಎಂದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಸಂಜೆ ಹೊತ್ತಿಗೆ ಅದು ಎಲ್ಲೋ ಮೇಲೆ ಹೋಗಿರುತ್ತದೆ. ಯಾರು ನೋಡುತ್ತಿದ್ದಾರೆ, ನೋಡಿ ಏನು ಕಂಡುಕೊಂಡರು, ಸರಿಯಾಯಿತೋ ಇಲ್ಲವೋ, ಯಾವುದೂ ತಿಳಿಯುವುದಿಲ್ಲ. ಟ್ರ್ಯಾಕರ್‌ಗೆ ಹಾಕಿದ ಬಗ್‌ಗೆ ಒಂದು ನಂಬರ್ ಸಿಗುತ್ತದೆ. ನಮ್ಮದಕ್ಕೆ 112 ಸಿಕ್ಕಿತು ಅನ್ನೋಣ. ಇನ್ನು ಮುಂದೆ ಮಾತು, ಕೋಡ್ ಬದಲಾವಣೆ, ಪರೀಕ್ಷೆ ಎಲ್ಲವೂ ಆ ನಂಬರಿಗೆ ಅಂಟಿಕೊಂಡಿರುತ್ತವೆ. ಎರಡು ವರ್ಷ ಬಿಟ್ಟು ಹೊಸಬರು ಟೀಮಿಗೆ ಸೇರಿದರೂ 112 ತೆರೆದು ಪೂರ್ತಿ ಕಥೆ ಓದಬಹುದು.

ಬಗ್‌ಜಿಲ್ಲಾ 1998ರಲ್ಲಿ ಮೊಜಿಲ್ಲಾ ಪ್ರಾಜೆಕ್ಟಿಗಾಗಿ ಹುಟ್ಟಿತು. ಬರೆದವರು ಟೆರ್ರಿ ವೈಸ್‌ಮನ್. ಮೊದಲು ಟಿಸಿಎಲ್ ಭಾಷೆಯಲ್ಲಿತ್ತು, ಆಮೇಲೆ ಪರ್ಲ್‌ಗೆ ಬಂತು. ಲಿನಕ್ಸ್ ಕರ್ನೆಲ್, ಜಿಸಿಸಿ, ಲಿಬ್ರೆಆಫೀಸ್ ಪ್ರಾಜೆಕ್ಟುಗಳೂ ಇದನ್ನು ಬಳಸಿಕೊಂಡಿವೆ. 2002ರಲ್ಲಿ ಬಂದ ಜಿರಾ ಎಂಬ ಇನ್ನೊಂದು ಟ್ರ್ಯಾಕರ್‌ನ ಹೆಸರಿಗೂ ಇದರ ನಂಟಿದೆ. ಬಗ್‌ಜಿಲ್ಲಾ ಎಂಬ ಹೆಸರು ಗಾಡ್ಜಿಲ್ಲಾವನ್ನು ನೆನಪಿಸುತ್ತದೆ. ಗಾಡ್ಜಿಲ್ಲಾಗೆ ಜಪಾನಿ ಭಾಷೆಯಲ್ಲಿ ಗೋಜಿರಾ ಎನ್ನುತ್ತಾರೆ, ಅದನ್ನೇ ಮೊಟಕು ಮಾಡಿ ಜಿರಾ ಎಂದಿಟ್ಟರು. ನಿಮ್ಮ ಕಂಪನಿಯಲ್ಲಿ ಜಿರಾ, ಮ್ಯಾಂಟಿಸ್, ರೆಡ್‌ಮೈನ್, ಯಾವುದೇ ಇರಲಿ, ಬಟನ್‌ಗಳ ಹೆಸರು ಬೇರೆ, ಯೋಚನೆ ಒಂದೇ.

ಬರೆಯುವ ಮುಂಚೆ ಹುಡುಕಿ

ಹೊಸ ಬಗ್ ಹಾಕುವ ಮುಂಚೆ ಅದನ್ನು ಬೇರೆ ಯಾರಾದರೂ ಹಾಕಿದ್ದಾರಾ ಅಂತ ಹುಡುಕಬೇಕು. ಕಲಿಯುವವರು ಜಾಸ್ತಿ ಬಿಟ್ಟುಬಿಡುವ ಹೆಜ್ಜೆ ಇದೇ. ಇಲ್ಲಿ ಒಂದು ವಿಷಯ ಗಮನಿಸಿ. ಬಗ್‌ಜಿಲ್ಲಾದ ಸರಳ ಹುಡುಕಾಟ, ನೀವು ಬದಲಿಸದಿದ್ದರೆ, ತೆರೆದಿರುವ ಬಗ್‌ಗಳನ್ನು ಮಾತ್ರ ನೋಡುತ್ತದೆ. ಸ್ಟೇಟಸ್ ಜಾಗದಲ್ಲಿ ‘ಆಲ್’ ಆರಿಸಿ, ಮುಚ್ಚಿದವನ್ನೂ ನೋಡಿ. ಏನೂ ಸಿಗದಿದ್ದರೆ ‘ಜಾರೋ ಬೂಗ್ಸ್ ಫೌಂಡ್’ ಎಂದು ಬರುತ್ತದೆ. ಅದು ಕಾಗುಣಿತದ ತಪ್ಪಲ್ಲ. ‘ಜೀರೋ ಬಗ್ಸ್’ ಅನ್ನುವುದನ್ನು ಬೇಕೆಂದೇ ಕೆಡಿಸಿ ಬರೆದಿದ್ದಾರೆ. ಬಗ್ಗೇ ಇಲ್ಲದ ಸಾಫ್ಟ್‌ವೇರ್ ಇಲ್ಲ, ಇನ್ನೂ ಯಾರಿಗೂ ಸಿಕ್ಕಿಲ್ಲ ಅಷ್ಟೇ ಎಂಬ ಅರ್ಥದಲ್ಲಿ.

ನಮ್ಮ ಬಗ್‌ಗೆ ‘ರ‍್ಯಾಂಕ್’ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಆ ಪದವನ್ನು ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಲಕ್ಷಣ ಹಿಡಿದು ಹುಡುಕಬೇಕು: ‘ಸೇವ್’, ‘ಅಕ್ಷರ’, ‘ಕಾಣದ’. ಆಗ ಬಗ್ 87 ಸಿಕ್ಕಿತು. ಎರಡು ವಾರದ ಹಿಂದೆ ಮುಚ್ಚಿದ್ದು. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ ಹೆಸರುಗಳು ಹುಡುಕಿದಾಗ ಸಿಗುತ್ತಿಲ್ಲ, ಯಾಕೆಂದರೆ ಅವುಗಳೊಳಗೆ ಕಣ್ಣಿಗೆ ಕಾಣದ ಅಕ್ಷರಗಳಿವೆ ಎಂದು ಅದರಲ್ಲಿತ್ತು. ನಮ್ಮ ಬಗ್ ಅದಲ್ಲ. ಆದರೂ ನಂಬರ್ ಬರೆದಿಟ್ಟುಕೊಳ್ಳೋಣ.

ವರದಿ

ಸಾರಾಂಶದ ಸಾಲು ಎಲ್ಲಕ್ಕಿಂತ ಮುಖ್ಯ. ದಿನಕ್ಕೆ ಎಷ್ಟೋ ಬಗ್‌ಗಳ ಪಟ್ಟಿ ನೋಡುವವರು ಆ ಒಂದು ಸಾಲನ್ನು ಮಾತ್ರ ಓದುತ್ತಾರೆ. ‘ಕನ್ನಡ ಸರಿಯಾಗಿ ಬರ್ತಿಲ್ಲ’ ಎಂದು ಬರೆದರೆ ಫಾಂಟ್ ತೊಂದರೆಯೋ, ಕೀಬೋರ್ಡ್ ತೊಂದರೆಯೋ, ಅನುವಾದದ ತಪ್ಪೋ, ಹೇಳಲು ಬರುವುದಿಲ್ಲ. ನಾನು ಹೀಗೆ ಬರೆಯುತ್ತೇನೆ:

‘ತಲೆಬರಹ ಸೇವ್ ಮಾಡಿದಾಗ ಪದದೊಳಗಿನ ಜೀರೋ ವಿಡ್ತ್ ಜಾಯಿನರ್ ಕಳೆದುಹೋಗಿ ಕನ್ನಡ ಪದ ಬದಲಾಗುತ್ತದೆ.’

ಜೀರೋ ವಿಡ್ತ್ ಜಾಯಿನರ್ ಅಂದರೆ ಪಕ್ಕದ ಅಕ್ಷರಗಳು ಹೇಗೆ ಕೂಡಬೇಕು ಎಂದು ಹೇಳುವ, ಕಣ್ಣಿಗೆ ಕಾಣದ ಒಂದು ಅಕ್ಷರ. ಕೋಡ್ ಪಾಯಿಂಟ್ ಅಂದರೆ ಕಂಪ್ಯೂಟರ್ ಬೇರೆ ಬೇರೆಯಾಗಿ ಎಣಿಸುವ ಒಂದೊಂದು ಅಕ್ಷರ ಅಥವಾ ಚಿಹ್ನೆ. ಒಳಗಿನ ವಿವರ:

‘ಮಾಡಿದ್ದು: 1. ಅಡ್ಮಿನ್ ಆಗಿ ಲಾಗಿನ್ ಆದೆ. 2. ಹೊಸ ಪಟ್ಟಿ ತೆರೆದು ತಲೆಬರಹದಲ್ಲಿ ರ‍್ಯಾಂಕ್ ಎಂದು ಟೈಪ್ ಮಾಡಿದೆ. 3. ಸೇವ್ ಒತ್ತಿದೆ. 4. ಪುಟ ರಿಫ್ರೆಶ್ ಮಾಡಿದೆ.
ಆಗಬೇಕಿದ್ದದ್ದು: ಟೈಪ್ ಮಾಡಿದ ಪದವೇ ಉಳಿಯಬೇಕು. ಅದರಲ್ಲಿ 8 ಕೋಡ್ ಪಾಯಿಂಟ್ ಇವೆ: ರ, ಜೀರೋ ವಿಡ್ತ್ ಜಾಯಿನರ್, ಹಲಂತ, ಯ, ಆ ಸ್ವರಚಿಹ್ನೆ, ಅನುಸ್ವಾರ, ಕ, ಹಲಂತ.
ಆಗಿದ್ದು: 7 ಕೋಡ್ ಪಾಯಿಂಟ್ ಉಳಿದಿವೆ. ಎರಡನೆಯದು ಇಲ್ಲ.
ಎಷ್ಟು ಸಲ: 10ಕ್ಕೆ 10 ಸಲ. ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ.
ಸೇವ್‌ಗೆ ಮುಂಚಿನ ಮತ್ತು ಆಮೇಲಿನ ಸ್ಕ್ರೀನ್‌ಶಾಟ್ ಜೊತೆಗಿವೆ. ಬಗ್ 87ಕ್ಕೆ ಸಂಬಂಧ ಇರಬಹುದು, ಖಚಿತವಿಲ್ಲ.’

8 ಇದ್ದದ್ದು 7 ಆಯಿತು ಎನ್ನುವ ಸಾಲು ನೋಡಿ. ಒಂದಕ್ಷರ ಕನ್ನಡ ಬಾರದವರಿಗೂ ಅದು ಅರ್ಥವಾಗುತ್ತದೆ, ಅಲ್ವಾ? ಎರಡು ಬ್ರೌಸರ್‌ಗಳಲ್ಲೂ ಹೀಗೇ ಆಗುತ್ತದೆ ಎಂದ ಕೂಡಲೇ ಬ್ರೌಸರ್ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಟೈಪ್ ಮಾಡುವಾಗ ಸರಿಯಿತ್ತು ಎನ್ನುವುದರಿಂದ ಫಾಂಟ್ ಮೇಲಿನ ಅನುಮಾನವೂ ಹೋಗುತ್ತದೆ. ‘ಖಚಿತವಿಲ್ಲ’ ಎಂದು ಬರೆಯಲು ಸಂಕೋಚ ಬೇಡ. ಕಂಡದ್ದನ್ನು ಕಂಡದ್ದು ಎಂದೂ, ಊಹೆಯನ್ನು ಊಹೆ ಎಂದೂ ಬೇರೆ ಬೇರೆ ಇಟ್ಟರೆ ಓದುವವರು ದಾರಿ ತಪ್ಪುವುದಿಲ್ಲ.

ಸ್ಕ್ರೀನ್‌ಶಾಟ್ ಹಾಕುವಾಗ ವಿದ್ಯಾರ್ಥಿಗಳ ಹೆಸರು, ಅಂಕಗಳು ಅದರೊಳಗೆ ಇದ್ದರೆ ಮುಚ್ಚಿ. ಟ್ರ್ಯಾಕರ್ ಯಾರು ಯಾರಿಗೆ ಕಾಣುತ್ತದೆ ಎಂದು ನಮಗೆ ಯಾವಾಗಲೂ ತಿಳಿದಿರುವುದಿಲ್ಲ. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣುವಂಥ ಭದ್ರತೆಯ ಬಗ್ ಆದರೆ ಎಲ್ಲರಿಗೂ ಕಾಣುವಂತೆ ಹಾಕಲೇಬಾರದು. ಬಗ್‌ಜಿಲ್ಲಾದಲ್ಲಿ ಅಂಥದ್ದನ್ನು ಒಂದು ಗುಂಪಿಗೆ ಮಾತ್ರ ಕಾಣುವಂತೆ ಮಾಡಬಹುದು.

ಎಷ್ಟು ದೊಡ್ಡದು, ಎಷ್ಟು ಬೇಗ

ಸಿವಿಯಾರಿಟಿ ಮತ್ತು ಪ್ರಯಾರಿಟಿ ಒಂದೇ ಅಲ್ಲ. ಬಗ್ ಎಷ್ಟು ಹಾನಿ ಮಾಡುತ್ತದೆ ಎನ್ನುವುದು ಸಿವಿಯಾರಿಟಿ. ಬಗ್‌ಜಿಲ್ಲಾದಲ್ಲಿ ಇದು ಬ್ಲಾಕರ್‌ನಿಂದ ಶುರುವಾಗಿ ಕ್ರಿಟಿಕಲ್, ಮೇಜರ್, ನಾರ್ಮಲ್, ಮೈನರ್, ಟ್ರಿವಿಯಲ್ ತನಕ ಇಳಿಯುತ್ತದೆ. ಎಷ್ಟು ಬೇಗ ಸರಿಮಾಡಬೇಕು ಎನ್ನುವುದು ಪ್ರಯಾರಿಟಿ. ಅದನ್ನು ವರದಿ ಬರೆದವರಿಗಿಂತ ಕೆಲಸ ಹಂಚುವವರು ಇಡುವುದು ಒಳ್ಳೆಯದು.

ನಮ್ಮ ಬಗ್‌ನಿಂದ ಆ್ಯಪ್ ನಿಲ್ಲುವುದಿಲ್ಲ. ಬರೀ ತಲೆಬರಹ ಅಂದುಕೊಂಡರೆ ಮೈನರ್. ಆದರೆ ನಾಳೆ ಫಲಿತಾಂಶ ಬರುವುದಿದ್ದರೆ? ಎಲ್ಲ ವಿದ್ಯಾರ್ಥಿಗಳೂ ಮೊದಲು ನೋಡುವುದೇ ಆ ಸಾಲು. ಆಗ ಹಾನಿ ಸಣ್ಣದಾದರೂ ಅವಸರ ದೊಡ್ಡದು. ಇನ್ನೂ ಒಂದು ಮಾತಿದೆ. ಬರೆದವರು ಒಂದು ಬರೆದರೆ ಆ್ಯಪ್ ಇನ್ನೊಂದನ್ನು ಉಳಿಸಿಕೊಳ್ಳುತ್ತಿದೆ. ಇದು ಡೇಟಾ ಕೆಡುವ ಬಗ್. ಅದನ್ನು ನಾನು ಮೈನರ್ ಎನ್ನಲಾರೆ, ಮೇಜರ್ ಎಂದೇ ಹಾಕುತ್ತೇನೆ. ಇಂಥ ಕಡೆ ಸುಮ್ನೆ ‘ನಾರ್ಮಲ್’ ಎಂದು ಬಿಟ್ಟರೆ ಬಗ್ ಪಟ್ಟಿಯ ತಳಕ್ಕೆ ಹೋಗಿಬಿಡುತ್ತದೆ. ಹಾಗಂತ ಎಲ್ಲವನ್ನೂ ಬ್ಲಾಕರ್ ಎಂದು ಹಾಕುವುದೂ ತಪ್ಪು. ನಾಲ್ಕು ಸಲ ಹಾಗೆ ಮಾಡಿದರೆ ಐದನೆಯ ಸಲ ಯಾರೂ ನಂಬುವುದಿಲ್ಲ.

112ರ ಪ್ರಯಾಣ

ಹೊಸ ಬಗ್ ಮೊದಲು ‘ಅನ್‌ಕನ್‌ಫರ್ಮ್ಡ್’. ಇನ್ನೊಬ್ಬರು ನಮ್ಮ ಹೆಜ್ಜೆಗಳನ್ನೇ ಮಾಡಿ ನೋಡಿ, ಹೌದು ಎಂದರೆ ‘ಕನ್‌ಫರ್ಮ್ಡ್’. ಒಬ್ಬರು ಕೈಗೆತ್ತಿಕೊಂಡರೆ ‘ಇನ್ ಪ್ರೋಗ್ರೆಸ್’. ಕೆಲಸ ಮುಗಿದರೆ ‘ರಿಸಾಲ್ವ್ಡ್’, ಪರೀಕ್ಷಿಸಿದ ಮೇಲೆ ‘ವೆರಿಫೈಡ್’. ಇದು 2011ರಲ್ಲಿ ಬಂದ 4.0 ಆವೃತ್ತಿಯ ಕ್ರಮ. ಹಳೇ ಪುಸ್ತಕಗಳಲ್ಲಿ ‘ನ್ಯೂ’, ‘ಅಸೈನ್ಡ್’, ‘ರಿಓಪನ್ಡ್’, ‘ಕ್ಲೋಸ್ಡ್’ ಎಂದಿದ್ದರೆ ಗಾಬರಿ ಬೇಡ, ಅದು ಮುಂಚಿನ ಕ್ರಮ. ಮೊಜಿಲ್ಲಾದ ಸ್ವಂತ ಬಗ್‌ಜಿಲ್ಲಾದಲ್ಲಿ ‘ನ್ಯೂ’, ‘ಅಸೈನ್ಡ್’ ಆಮೇಲೂ ಉಳಿದುಕೊಂಡವು.

ಡೆವಲಪರ್ ಒಂದು ಪ್ರಶ್ನೆ ಕೇಳಿದರು: ‘ಇದು ಮುಂಚಿನಿಂದಲೂ ಹೀಗೇ ಇತ್ತಾ?’ ಬಹಳ ಒಳ್ಳೆಯ ಪ್ರಶ್ನೆ. ಆ್ಯಪ್‌ನ ಹಳೇ ಆವೃತ್ತಿಯಲ್ಲಿ, ಅಂದರೆ ಹಳೇ ಬಿಲ್ಡ್‌ನಲ್ಲಿ ನೋಡಿದರೆ ಸರಿಯಾಗಿತ್ತು. ಅಂದರೆ ಇದು ರಿಗ್ರೆಷನ್, ಮುಂಚೆ ಸರಿಯಿದ್ದದ್ದು ಯಾವುದೋ ಬದಲಾವಣೆಯಿಂದ ಕೆಟ್ಟಿದೆ. ಕೋಡ್ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಒಂದೊಂದು ದಾಖಲೆಗೂ ಕಮಿಟ್ ಎನ್ನುತ್ತಾರೆ. ಯಾವ ಬದಲಾವಣೆ ಎಂದು ಹುಡುಕಲು ‘ಗಿಟ್ ಬೈಸೆಕ್ಟ್’ ಇದೆ. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ಹೇಳಿದರೆ ಅದು ನಡುವಿನದ್ದನ್ನು ತೆಗೆದುಕೊಡುತ್ತದೆ. ಪರೀಕ್ಷಿಸಿ ಸರಿ ಅಥವಾ ತಪ್ಪು ಎಂದರೆ ಅರ್ಧ ಭಾಗ ಹೋಗುತ್ತದೆ, ಮತ್ತೆ ಅರ್ಧ. 1000 ಕಮಿಟ್ ಇದ್ದರೂ ಸುಮಾರು 10 ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಸಿಕ್ಕಿದ ಕಮಿಟ್‌ನ ಮೊದಲ ಸಾಲು: ‘ಬಗ್ 87: ಕಣ್ಣಿಗೆ ಕಾಣದ ಅಕ್ಷರಗಳನ್ನು ತೆಗೆಯುವುದು.’ ಮೊಜಿಲ್ಲಾದವರು ಕಮಿಟ್ ಸಂದೇಶವನ್ನು ಬಗ್ ನಂಬರಿನಿಂದ ಶುರು ಮಾಡುವುದು ಯಾಕೆ ಎಂದು ಇಲ್ಲಿ ಗೊತ್ತಾಗುತ್ತದೆ. ಕೋಡ್‌ನಿಂದ ನೇರವಾಗಿ ಹಳೇ ಮಾತುಕತೆಗೆ ಹೋಗಬಹುದು. 87 ಸರಿಮಾಡುವಾಗ ಅಗಲವಿಲ್ಲದ, ಕಾಣದ ಎಲ್ಲ ಅಕ್ಷರಗಳನ್ನೂ ತೆಗೆದುಹಾಕುವ ಒಂದು ಸಾಲು ಸೇರಿಸಿದ್ದರು. ಬೇಡದ ಜೀರೋ ವಿಡ್ತ್ ಸ್ಪೇಸ್ ಹೋಯಿತು. ಅದರ ಜೊತೆ ಕನ್ನಡಕ್ಕೆ ಬೇಕೇ ಬೇಕಾದ ಜಾಯಿನರ್, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ನಾನ್ ಜಾಯಿನರ್, ಎರಡೂ ಹೋದವು. ಆ ಸಾಲು ಬರೆದವರ ತಪ್ಪು ಎಂದು ನಾನು ಹೇಳುವುದಿಲ್ಲ. ಕನ್ನಡಕ್ಕೆ ಅವು ಬೇಕು ಎಂಬ ಮಾತು 87ರಲ್ಲಿ ಎಲ್ಲೂ ಇರಲಿಲ್ಲ. ಮೊಜಿಲ್ಲಾದ ಟ್ರ್ಯಾಕರ್‌ನಲ್ಲಿ ಇಂಥದ್ದಕ್ಕೆಂದೇ ‘ರಿಗ್ರೆಸ್ಡ್ ಬೈ’ ಎಂಬ ಜಾಗವಿದೆ. ನಮ್ಮಲ್ಲಿ ಅದು ಇಲ್ಲದಿದ್ದರೆ ಕಾಮೆಂಟಿನಲ್ಲಾದರೂ 87 ಎಂದು ಬರೆಯಬೇಕು.

ಮುಚ್ಚುವ ರೀತಿ ಒಂದೇ ಅಲ್ಲ

‘ರಿಸಾಲ್ವ್ಡ್’ ಅಂದರೆ ಸರಿಯಾಯಿತು ಅಂತಲೇ ಅಲ್ಲ. ಸರಿಯಾದರೆ ‘ಫಿಕ್ಸ್ಡ್’. ಮುಂಚೆಯೇ ಬೇರೆಯವರು ಹಾಕಿದ್ದರೆ ‘ಡೂಪ್ಲಿಕೇಟ್’. ಬಗ್ಗೇ ಅಲ್ಲದಿದ್ದರೆ ‘ಇನ್‌ವ್ಯಾಲಿಡ್’. ಬಗ್ ಹೌದು, ಆದರೆ ಸರಿಮಾಡುವುದಿಲ್ಲ ಎಂದರೆ ‘ವೋಂಟ್‌ಫಿಕ್ಸ್’. ನಮ್ಮಲ್ಲಿ ಹೀಗಾಗುತ್ತಿಲ್ಲ ಎಂದರೆ ‘ವರ್ಕ್ಸ್‌ಫಾರ್‌ಮಿ’.

ಕೊನೆಯದು ಬಂದಾಗ ಬೇಜಾರಾಗುತ್ತದೆ. ನಮ್ಮ ಮಾತು ನಂಬಲಿಲ್ಲ ಅನ್ನಿಸುತ್ತದೆ. ಆದರೆ ಎಷ್ಟೋ ಸಲ ನಮ್ಮ ಹೆಜ್ಜೆಗಳಲ್ಲೇ ಒಂದು ಬಿಟ್ಟುಹೋಗಿರುತ್ತದೆ. 112ರಲ್ಲಿ ‘ಪುಟ ರಿಫ್ರೆಶ್ ಮಾಡಿದೆ’ ಎಂಬ ನಾಲ್ಕನೇ ಹೆಜ್ಜೆ ಇಲ್ಲದಿದ್ದರೆ ಏನಾಗುತ್ತಿತ್ತು? ಡೆವಲಪರ್ ಸೇವ್ ಒತ್ತುತ್ತಾರೆ. ಪರದೆಯ ಮೇಲೆ ಟೈಪ್ ಮಾಡಿದ ಪದವೇ ಇರುತ್ತದೆ. ನಮ್ಮಲ್ಲಿ ಸರಿಯಿದೆ ಎಂದು ಮುಚ್ಚುತ್ತಾರೆ. ಆಗ ಜಗಳಕ್ಕೆ ಹೋಗದೆ, ಬಿಟ್ಟ ಹೆಜ್ಜೆ ಸೇರಿಸಿ ಮತ್ತೆ ತೆರೆಯಿರಿ. ‘ನನಗೂ ಹೀಗೇ ಆಗ್ತಿದೆ’ ಎಂಬ ಬರೀ ಕಾಮೆಂಟ್ ಮಾತ್ರ ಬೇಡ. ಆ ಬಗ್ಗನ್ನು ಹಿಂಬಾಲಿಸುವ ಪ್ರತಿಯೊಬ್ಬರಿಗೂ ಒಂದು ಈಮೇಲ್ ಹೋಗುತ್ತದೆ, ಹೊಸ ಮಾಹಿತಿ ಏನೂ ಸಿಗುವುದಿಲ್ಲ.

ವೆರಿಫೈ ಮಾಡುವಾಗ

112 ಈಗ ‘ಫಿಕ್ಸ್ಡ್’. ನಮ್ಮ ಸರದಿ ಬಂತು. ವರದಿಯಲ್ಲಿದ್ದ ನಾಲ್ಕು ಹೆಜ್ಜೆಗಳನ್ನು ಹಾಗೇ ಮಾಡುತ್ತೇವೆ. 8 ಕೋಡ್ ಪಾಯಿಂಟ್ 8 ಆಗಿಯೇ ಉಳಿದವು. ಇಲ್ಲಿಗೆ ನಿಲ್ಲಿಸಬಾರದು. ‘ಸಾಫ್ಟ್‌ವೇರ್’ ಟೈಪ್ ಮಾಡಿ ನೋಡಿ. ಇದರಲ್ಲಿ ಟ್ ಮತ್ತು ವೇ ನಡುವೆ ನಾನ್ ಜಾಯಿನರ್ ಇದೆ. ಅದು ಹೋದರೆ ಟ ಕೆಳಗೆ ವ ಒತ್ತು ಬಂದು ‘ಸಾಫ್ಟ್ವೇರ್’ ಆಗುತ್ತದೆ. 11 ಕೋಡ್ ಪಾಯಿಂಟ್ ಹೋಗಿ 10. ಅದೂ ಸರಿಯಿದೆಯಾ? ಆಮೇಲೆ 87ರ ಹೆಜ್ಜೆಗಳನ್ನೂ ಮತ್ತೆ ಮಾಡಿ. 112 ಸರಿಮಾಡಲು ಹೋಗಿ 87 ಮತ್ತೆ ಎದ್ದು ಕೂರಬಾರದು.

ಎಲ್ಲ ಸರಿಯಿದ್ದರೆ ‘ವೆರಿಫೈಡ್’. ಆದರೆ ಹಳೇ ಪುಟ ತೆರೆದರೆ ಅಲ್ಲಿ ಇನ್ನೂ ‘ರ್ಯಾಂಕ್’ ಇದೆ. 112 ಮತ್ತೆ ತೆರೆಯಬೇಕೇ? ಬೇಡ. ಸೇವ್ ಮಾಡುವ ಕೋಡ್ ಸರಿಯಾಗಿದೆ. ಈ ಎರಡು ವಾರದಲ್ಲಿ ಕೆಟ್ಟ ಸಾಲುಗಳು ಡೇಟಾಬೇಸ್‌ನಲ್ಲಿ ಹಾಗೇ ಉಳಿದಿವೆ, ಅದು ಬೇರೆ ಕೆಲಸ. ಅದಕ್ಕೆ ಹೊಸ ಬಗ್ ಹಾಕಿ, 118 ಅನ್ನೋಣ. ‘ಡಿಪೆಂಡ್ಸ್ ಆನ್’ ಜಾಗದಲ್ಲಿ 112 ಎಂದು ಬರೆಯಿರಿ. ಸೇವ್ ಸರಿಯಾಗದೆ ಹಳೇ ಡೇಟಾ ಸರಿಮಾಡಿದರೆ ಅದು ಮತ್ತೆ ಕೆಡುತ್ತಿತ್ತು.

118ರ ವಿವರದಲ್ಲಿ ಒಂದು ಸಾಲು ಮರೆಯಬೇಡಿ. ಕನ್ನಡ ಪದ ಅರ್ಕಾವತ್ತಿನಿಂದ ಶುರುವಾಗುವುದಿಲ್ಲ. ಹಾಗಾಗಿ ಪದದ ಮೊದಲಲ್ಲಿ ‘ರ್ಯಾ’ ಕಂಡರೆ ಸ್ಕ್ರಿಪ್ಟ್ ಬರೆದು ಜಾಯಿನರ್ ವಾಪಸ್ ಹಾಕಬಹುದು. ಪದದ ನಡುವೆ ಇದ್ದರೆ ಹಾಗೆ ಮಾಡಲು ಬರುವುದಿಲ್ಲ. ‘ಸೂರ್ಯ’, ‘ಕಾರ್ಯ’ ಎಂಬಲ್ಲಿ ಅರ್ಕಾವತ್ತು ಇರುವುದೇ ಸರಿ. ಅವನ್ನೂ, ನಾನ್ ಜಾಯಿನರ್ ಕಳೆದುಕೊಂಡ ಪದಗಳನ್ನೂ ಕನ್ನಡ ಬಲ್ಲವರೇ ಒಂದೊಂದಾಗಿ ನೋಡಬೇಕು.