ಇನ್ಸುಲೇಷನ್‌ಗೆ ‘2 ಕೋಟ್’ ಎಂಬ ಲೆಕ್ಕವಿಲ್ಲ

ಅಕ್ಕನ ಹಳೇ ಮನೆ ದೊಡ್ಡ ರಿಪೇರಿಗೆ ಬಂದಿದೆ. ಎಸ್ಟಿಮೇಟ್‌ನಲ್ಲಿ ‘ತಾರಸಿ ಇನ್ಸುಲೇಷನ್, 2 ಕೋಟ್’ ಎಂದು ಬರೆದಿತ್ತು. ವಿಚಾರಿಸಿದರೆ ಅದು ಬಿಳಿ ಪೇಂಟು. ಈ ಬೇಸಿಗೆಯಲ್ಲಿ ಇದೇ ತಪ್ಪನ್ನು ನೋಡುತ್ತಿರುವುದು ನಾಲ್ಕನೇ ಸಲ. ಮನೆಯೊಳಗೆ ಬಿಸಿ ಇಳಿಯುವುದನ್ನು ನಿಧಾನ ಮಾಡುವ ಇನ್ಸುಲೇಷನ್ ದಪ್ಪದ, ಅಂದರೆ ಇಂಚಿನ ಲೆಕ್ಕದ್ದು, ಕೋಟ್ ಲೆಕ್ಕದ್ದಲ್ಲ.

ಲ್ಯಾಟಿನ್‌ನಲ್ಲಿ ಇನ್ಸುಲಾ ಎಂದರೆ ದ್ವೀಪ. ಇನ್ಸುಲೇಟ್ ಮಾಡುವುದೆಂದರೆ ಒಂದು ವಸ್ತುವನ್ನು ಸುತ್ತಲಿನದರಿಂದ ಬಿಡಿಸಿ ನಡುಗಡ್ಡೆ ಮಾಡುವುದು. ಇನ್ಸುಲಿನ್ ಹೆಸರೂ ಅಲ್ಲಿಂದಲೇ ಬಂತು. ಮೇದೋಜೀರಕದಲ್ಲಿ ಪುಟ್ಟ ದ್ವೀಪಗಳ ಹಾಗೆ ಚದುರಿದ ಜೀವಕೋಶಗಳು ಅದನ್ನು ತಯಾರಿಸುತ್ತವೆ. ಐಸೋಲೇಷನ್ ವಾರ್ಡ್ ಕೂಡ ಇದೇ ಬಳಗದ್ದು. ನಾವು ಮಾಡಿಕೊಂಡ ‘ಉಷ್ಣ ನಿರೋಧಕ’ ನನಗೆ ಅಷ್ಟು ಒಗ್ಗುವುದಿಲ್ಲ. ಬಿಸಿಯನ್ನು ಪೂರ್ತಿ ತಡೆದುಬಿಡುತ್ತದೆ ಅನ್ನಿಸುತ್ತದೆ, ಅಲ್ವಾ? ಇನ್ಸುಲೇಷನ್ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ತಂಪನ್ನಂತೂ ಹುಟ್ಟಿಸುವುದೇ ಇಲ್ಲ.

ಐಸ್ ಮಾರುವವರು ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಮೇಲೆ ಗೋಣಿ ಹೊದಿಸುವುದನ್ನು ನೋಡಿರುತ್ತೀರಿ. ಹೊಟ್ಟು ಮುಟ್ಟಿದರೆ ತಣ್ಣಗಿರುವ ವಸ್ತುವೇನಲ್ಲ. ಅದರ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಗಿನ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ, ಅಷ್ಟೇ. ಥರ್ಮಾಕೋಲ್, ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆ), ಎಕ್ಸ್‌ಪಿಎಸ್ ಬೋರ್ಡ್ (ಗಟ್ಟಿ ಫೋಮಿನ ಹಲಗೆ) ಎಲ್ಲದರ ಗುಟ್ಟೂ ಹೀಗೆ ಕಟ್ಟಿಹಾಕಿದ ಗಾಳಿಯೇ. ಅದಕ್ಕೇ ದಪ್ಪ ಬೇಕು. 2 ಇಂಚಿನ ಎಕ್ಸ್‌ಪಿಎಸ್ ಬೋರ್ಡ್ ತಡೆಯುವಷ್ಟು ಬಿಸಿಯನ್ನು ಬರೀ ಕಾಂಕ್ರೀಟಿನಿಂದ ತಡೆಯಬೇಕಾದರೆ ಸುಮಾರು 8 ಅಡಿ ದಪ್ಪ ಹಾಕಬೇಕು!

ಬಿಳಿ ಪೇಂಟು ಕೆಟ್ಟದ್ದಲ್ಲ. ಬಿಸಿಲನ್ನು ವಾಪಸ್ ಕಳಿಸುತ್ತದೆ, ಅಗ್ಗವೂ ಹೌದು. ಆದರೆ ಧೂಳು ಕೂತಂತೆ ಅದರ ಕೆಲಸ ಕುಗ್ಗುತ್ತದೆ. ವಾಟರ್‌ಪ್ರೂಫಿಂಗ್ ಇನ್ನೊಂದೇ ಕೆಲಸ, ಅದಕ್ಕೂ ಬಿಸಿಗೂ ನೇರ ಸಂಬಂಧವಿಲ್ಲ. ಪೇಂಟನ್ನು ಯಾವ ವರ್ಷ ಬೇಕಾದರೂ ಹೊಡೆಸಬಹುದು. ಟೈಲ್ಸ್ ಕೆಳಗಿನ ಇನ್ಸುಲೇಷನ್ ಬೋರ್ಡನ್ನು ತಾರಸಿ ಕಿತ್ತಾಗಲೇ ಹಾಕಬೇಕು. ಸ್ಲ್ಯಾಬ್ ಕೆಳಗೆ, ಒಳಸೀಲಿಂಗಿಗೆ ಹಾಕುವುದು ನನಗೆ ಎರಡನೇ ಆಯ್ಕೆ. ಆಗ ಸ್ಲ್ಯಾಬ್ ಇಡೀ ಹಗಲು ಬಿಸಿಲಿಗೆ ಕಾಯುತ್ತಲೇ ಇರುತ್ತದೆ.

ಇನ್ಸುಲೇಷನ್ ಪ್ಯಾಕಿನ ಮೇಲಿನ ‘ಆರ್-10’ ನೋಡಿ ಮರುಳಾಗಬೇಡಿ. ಆರ್ ಎಂದರೆ ಬಿಸಿಯ ಹರಿವಿಗೆ ಒಡ್ಡುವ ಅಡ್ಡಿಯ ಅಳತೆ. ಅಮೆರಿಕದ ಅಳತೆಯಾದರೆ 5.68ರಿಂದ ಭಾಗಿಸಿ, ನಮ್ಮ ಮೆಟ್ರಿಕ್ ಲೆಕ್ಕದಲ್ಲಿ ಅದು 1.76 ಅಷ್ಟೇ.

ಅಕ್ಕನ ಎಸ್ಟಿಮೇಟ್ ಈಗ ಹೀಗಿದೆ: ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್, ಆಮೇಲೆ ಕಾಂಕ್ರೀಟ್ ಪದರ, ಕೊನೆಗೆ ಬಿಳಿ ಟೈಲ್ಸ್.