ತಂಬಾಕಿನ ಎಲೆಯೊಳಗಿನ ಸಕ್ಕರೆ

ಹಿತ್ತಲಲ್ಲಿ ನಾಲ್ಕು ತಂಬಾಕು ಗಿಡ ಬೆಳೆದು, ಎಲೆ ಒಣಗಿಸಿ ಪೈಪಿಗೆ ತುಂಬಿದರೆ ಆಯ್ತು ಅನ್ನುವವರಿದ್ದಾರೆ. ಹಸಿ ಎಲೆಯನ್ನು ಕಿತ್ತು ಸುಮ್ನೆ ಬಿಸಿಲಿಗೆ ಹಾಕಿ ನೋಡಿ. ಹಸಿರಾಗಿಯೇ ಗರಿಗರಿಯಾಗುತ್ತದೆ. ಸೇದಿದರೆ ಹುಲ್ಲು ಸುಟ್ಟ ವಾಸನೆ, ಗಂಟಲೆಲ್ಲ ಕೆರೆತ. ಎಲೆ ಬೇಗ ಸತ್ತುಹೋಯಿತು, ಅಷ್ಟೇ. ನಿಪ್ಪಾಣಿ ಕಡೆ ಬೀಡಿ ತಂಬಾಕನ್ನೂ ಹೊಲದಲ್ಲೇ ಬಿಸಿಲಿಗೆ ಹರವುತ್ತಾರೆ. ಆದರೆ ಎಲೆ ಬಲಿತು, ಮೈಮೇಲೆ ಕೆಂಗಂದು ಚುಕ್ಕೆ ಎದ್ದ ಮೇಲೆಯೇ ಕೊಯ್ಲು.

ಕಿತ್ತ ಎಲೆ ಕೆಲವು ದಿನ ಜೀವಂತವಾಗಿಯೇ ಇರುತ್ತದೆ, ಉಸಿರಾಡುತ್ತದೆ. ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮಾವಿನಕಾಯಿಯ ಹಾಗೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಹಸಿರು ಹೋಗಿ ಹಳದಿ ಕಾಣುತ್ತದೆ. ಮುಂದೆ ಎರಡು ದಾರಿ. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕನ್ನು ಬ್ಯಾರನ್‌ನಲ್ಲಿ, ಅಂದರೆ ಎಲೆ ಹದ ಮಾಡುವ ಬಿಸಿ ಕೋಣೆಯಲ್ಲಿ, ಹಳದಿಯಾದ ಕೂಡಲೇ ಶಾಖ ಏರಿಸುತ್ತಾ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಯ್ಯುತ್ತಾರೆ. ಎಲೆ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕಿದ ಎಲೆ ಮಾತ್ರ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸಿ ಕಂದಾಗುತ್ತದೆ. ಪೈಪಿನ ಮಿಶ್ರಣಗಳಲ್ಲಿ ಎರಡೂ ಬಗೆಯ ಎಲೆ ಇರುತ್ತವೆ.

ಈ ಸಕ್ಕರೆಯ ಮಹಿಮೆ ದೊಡ್ಡದು. ಸಕ್ಕರೆ ಉಳಿದ ಎಲೆಯ ಹೊಗೆ ಆಮ್ಲೀಯ. ಆಮ್ಲದಲ್ಲಿ ನಿಕೋಟಿನ್‌ಗೆ ವಿದ್ಯುದಂಶ ಸೇರಿಕೊಳ್ಳುತ್ತದೆ. ಆಗ ಅದು ಬಾಯಿಯ ಒಳಪೊರೆ ದಾಟುವುದು ಕಷ್ಟ. ಅದಕ್ಕೇ ಸಿಗರೇಟಿನವರು ಹೊಗೆಯನ್ನು ಎದೆಗೆ ಎಳೆಯುತ್ತಾರೆ. ಸಕ್ಕರೆ ಕಳೆದ ಎಲೆಯ ಹೊಗೆ ಕ್ಷಾರದ ಕಡೆಗೆ. ಅದರ ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕೆ ಇಳಿಯುತ್ತದೆ. ನಮ್ಮೂರ ಕಟ್ಟೆ ಮೇಲೆ ಅಂಗೈಯಲ್ಲಿ ತಂಬಾಕು ಹಾಕಿ, ಹೆಬ್ಬೆರಳಿನಿಂದ ಸುಣ್ಣ ತಿಕ್ಕಿ, ಧೂಳು ಊದಿ ತುಟಿಯೊಳಗೆ ಇಡುತ್ತಾರಲ್ವಾ? ಸುಣ್ಣವೂ ಕ್ಷಾರ. ಬೆಂಕಿ ಇಲ್ಲ, ಹೊಗೆ ಇಲ್ಲ, ಕೆಲಸ ಅದೇ!

ಪೈಪ್ ಕೂಡ ಈ ನೆಲಕ್ಕೆ ಹೊಸದಲ್ಲ. 17ನೇ ಶತಮಾನ ಶುರುವಾಗುವ ಹೊತ್ತಿಗೆ, ಎರಡನೇ ಇಬ್ರಾಹಿಂ ಆದಿಲ್ ಶಾಹನ ವಿಜಾಪುರಕ್ಕೆ ಅಕ್ಬರನ ರಾಯಭಾರಿ ಅಸದ್ ಬೇಗ್ ಬಂದಿದ್ದ. ಅವನು ಮೊದಲು ತಂಬಾಕು ಕಂಡದ್ದು ಇಲ್ಲಿಯೇ. ರತ್ನ ಕೂರಿಸಿದ ಕೊಳವೆಯ ಸಮೇತ ಬಾದಶಹನಿಗೆ ಒಯ್ದು ಕೊಟ್ಟ. ಅಕ್ಬರ್ ಸ್ವಲ್ಪ ಎಳೆದು ನೋಡಿದ. ಹಕೀಮ ಬೇಡವೆಂದ. ಬಾದಶಹ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಹಕೀಮನೇ ಸರಿ.

‘ಔಷಧಿ ಹೊಡೆಯದೆ ಮನೆಯಲ್ಲೇ ಬೆಳೆದದ್ದು, ಏನೂ ಆಗಲ್ಲ’ ಎಂಬ ಮಾತು ಕೇಳಿದರೆ ನನಗೆ ದಿಗಿಲಾಗುತ್ತದೆ. ನಿಕೋಟಿನ್ ಎಂಬುದೇ ಗಿಡ ತಾನು ಮಾಡಿಕೊಂಡ ಕೀಟನಾಶಕ. ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ತಂಬಾಕಿನ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಎಲೆಯಲ್ಲೂ ನಿಕೋಟಿನ್ ಸಿಗುತ್ತದೆ. ತಂಬಾಕು ಗಿಡದ ಕುಡಿ ಚಿವುಟಿದರೆ ಎಲೆಯಲ್ಲಿ ನಿಕೋಟಿನ್ ಇನ್ನೂ ಜಾಸ್ತಿ. ಒದ್ದೆ ಎಲೆ ಕೀಳುವವರಿಗೆ ಚರ್ಮದ ಮೂಲಕವೇ ಏರಿ ತಲೆಸುತ್ತು, ವಾಂತಿ ಬರುತ್ತದೆ.

ಎಲೆ ಹದಕ್ಕೆ ಬರುವಾಗ ಮತ್ತೊಂದು ನಡೆಯುತ್ತದೆ. ಎಲೆ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದು ನಿಕೋಟಿನ್ ಮತ್ತು ಅದರಂಥ ಆಲ್ಕಲಾಯ್ಡುಗಳ ಜೊತೆ ಸೇರಿದಾಗ ಕ್ಯಾನ್ಸರ್ ತರುವ ನೈಟ್ರೋಸಮೀನ್‌ಗಳು ಹುಟ್ಟುತ್ತವೆ. ಹೊಗೆಯನ್ನು ಎದೆಗೆ ಎಳೆಯದ ಪೈಪಿನವರಿಗೂ ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಬರುವುದು ಇವುಗಳಿಂದ ಮತ್ತು ಉರಿದ ಎಲೆಯ ಟಾರ್ ಎಂಬ ಅಂಟು ಮಸಿಯಿಂದ.