ನೀರಿನಡಿ ಗಾಳಿ ನಿಂತರೆ: ಸ್ಕೂಬಾ ಕಲಿಯುವವರಿಗೆ ಟಿಪ್ಪಣಿ

ಮಂಡ್ಯ ಕಡೆಯ ನಾಲೆಯಲ್ಲೋ ತೋಟದ ಬಾವಿಯಲ್ಲೋ ಈಜು ಕಲಿತವರಿಗೆ ಮುಳುಗುವಾಗ ಉಸಿರು ಬಿಗಿಹಿಡಿಯುವುದು ಮೈಗೂಡಿದ ಅಭ್ಯಾಸ. ಸ್ಕೂಬಾಕ್ಕೆಂದು ಮೈಸೂರಿನ ಈಜುಕೊಳಕ್ಕೆ ಇಳಿದ ಮೊದಲ ದಿನವೇ ಅದನ್ನು ಬಿಡಬೇಕು. ಬಾವಿಗೆ ಧುಮುಕುವವನು ಮೇಲಿನ ಗಾಳಿಯನ್ನೇ ಎಳೆದುಕೊಂಡು ಹೋಗುತ್ತಾನೆ. ಆಳದಲ್ಲಿ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಆ ಆಳದ ಒತ್ತಡಕ್ಕೆ ಸಮನಾದ ಗಾಳಿಯನ್ನೇ ಕೊಡುತ್ತದೆ. 10 ಮೀಟರ್‌ನಲ್ಲಿ ಒತ್ತಡ 2 ಬಾರ್, ಅಂದರೆ ನೀರಿನ ಮೇಲಿನ ಒತ್ತಡದ ಎರಡು ಪಟ್ಟು. ಅಲ್ಲಿ ಎಳೆದ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗಲು ಹವಣಿಸುತ್ತದೆ. ಶ್ವಾಸಕೋಶ ಹರಿದು, ಗುಳ್ಳೆಗಳು ರಕ್ತದ ಮೂಲಕ ಮಿದುಳು ಸೇರಬಹುದು. ತುಂಬಿದ ಉಸಿರು ಹಿಡಿದಿದ್ದರೆ ಒಂದೂವರೆ ಮೀಟರ್ ಏರಿಕೆಯೂ ಸಾಕು, ಅಂದರೆ ಈಜುಕೊಳದಲ್ಲೂ ಈ ಅಪಾಯ ಇದೆ. ನೀರಿನಡಿ ಗಾಳಿ ನಿಂತಾಗ ಮೇಲೆ ಬರಲು ಮುಂದೆ ಹೇಳುವ ಎಲ್ಲ ದಾರಿಗಳಿಗೂ ಉಸಿರು ಹಿಡಿಯಬಾರದೆಂಬುದೇ ತಳಹದಿ.

ಮೊದಲು, ಗಾಳಿ ನಿಜಕ್ಕೂ ಮುಗಿದಿದೆಯೇ ನೋಡಿ. ಉಸಿರೆಳೆದಾಗಲೆಲ್ಲ ಸಿಲಿಂಡರ್‌ನ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಳಗಿಳಿದು ಮತ್ತೆ ಏರುತ್ತಿದ್ದರೆ ಸಿಲಿಂಡರ್ ವಾಲ್ವ್ ಅರೆಬರೆ ತೆರೆದಿದೆ ಎಂದರ್ಥ. ಜೊತೆಗಾರ ಅದನ್ನು ಪೂರ್ತಿ ತಿರುಗಿಸಿದರೆ ಸರಿಹೋಗುತ್ತದೆ. ನೀರಿಗೆ ಇಳಿಯುವ ಮುನ್ನ ಗೇಜನ್ನು ನೋಡುತ್ತಾ ನಾಲ್ಕು ಸಲ ಉಸಿರೆಳೆದರೆ ದಡದಲ್ಲೇ ಗೊತ್ತಾಗುವ ದೋಷವಿದು. ರೆಗ್ಯುಲೇಟರ್ ಕೆಟ್ಟರೆ ಸಾಮಾನ್ಯವಾಗಿ ಮುಚ್ಚಿಕೊಳ್ಳುವುದಿಲ್ಲ, ಗಾಳಿಯನ್ನು ಒಂದೇ ಸಮನೆ ಸುರಿಸತೊಡಗುತ್ತದೆ. ಆಗ ಮೌತ್‌ಪೀಸನ್ನು ತುಟಿಯಿಂದ ಬಿಗಿಯಾಗಿ ಮುಚ್ಚದೆ, ಹೆಚ್ಚಿನ ಗಾಳಿ ಪಕ್ಕದಿಂದ ಹೋಗಲು ಬಿಟ್ಟು, ಬೇಕಾದಷ್ಟನ್ನೇ ಸೇದುತ್ತಾ ಮೇಲೇರಬೇಕು. ಸಿಲಿಂಡರ್ ಬೇಗ ಬರಿದಾಗುವುದರಿಂದ ತಡಮಾಡುವಂತಿಲ್ಲ.

ನಿಜಕ್ಕೂ ಮುಗಿದಿದ್ದರೆ ಮೊದಲ ದಾರಿ ಜೊತೆಗಾರನ ಆಕ್ಟೋಪಸ್, ಅಂದರೆ ಅವನ ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್. ಅಂಗೈಯನ್ನು ಗಂಟಲಿನ ಅಡ್ಡಕ್ಕೆ ಕೊಯ್ಯುವಂತೆ ಆಡಿಸಿ ಸನ್ನೆ ಮಾಡಿ. ಆಕ್ಟೋಪಸ್ ಬಾಯಿಗಿಟ್ಟ ಕೂಡಲೇ ಸೇದಬೇಡಿ. ಒಳಗಿನ ನೀರನ್ನು ಊದಿ ಅಥವಾ ಪರ್ಜ್ ಗುಂಡಿ ಒತ್ತಿ ಹೊರಹಾಕಿ. ತಲೆಕೆಳಗಾಗಿ ಕಚ್ಚಿದರೆ ಗಾಳಿಯ ಜೊತೆ ನೀರೂ ಬರುತ್ತದೆ. ಬಲಗೈಯಿಂದ ಪರಸ್ಪರ ಮುಂಗೈ ಹಿಡಿದು, ಉಸಿರು ಹದಕ್ಕೆ ಬಂದ ಮೇಲೆ ಹೆಬ್ಬೆರಳು ಮೇಲೆತ್ತಿ ಏರಿ. ಏರುವಾಗ ಇಬ್ಬರ ಬಿಸಿಡಿಯಿಂದಲೂ (ತೇಲಲು ಗಾಳಿ ತುಂಬುವ ಜಾಕೆಟ್) ಗಾಳಿ ಬಿಡುತ್ತಿರಬೇಕು, ಇಲ್ಲವಾದರೆ ವೇಗ ಕೈಮೀರುತ್ತದೆ. ಆಕ್ಟೋಪಸ್ಸಿನ ಜಾಗ ಗದ್ದದಿಂದ ಪಕ್ಕೆಲುಬಿನವರೆಗಿನ ತ್ರಿಕೋನ. ಹಿಂದೆ ನೇತಾಡಿಕೊಂಡು ಮರಳು ತುಂಬಿಕೊಂಡಿದ್ದರೆ ಅದರಿಂದ ಉಪಯೋಗವಿಲ್ಲ. ಒಂದೇ ರೆಗ್ಯುಲೇಟರನ್ನು ಎರಡೆರಡು ಉಸಿರಿಗೆ ಬದಲಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಈಗ ಬಹುತೇಕ ಕೈಬಿಟ್ಟಿದ್ದಾರೆ. ಗಾಬರಿಯಲ್ಲಿ ಇಬ್ಬರೂ ಸಿಕ್ಕಿಬೀಳುತ್ತಾರೆ.

ಇಬ್ಬರಿಗೂ ಸಾಲುವಷ್ಟು ಗಾಳಿ ಜೊತೆಗಾರನಲ್ಲಿರುತ್ತದೆಯೇ? ಲೆಕ್ಕ ಹಾಕೋಣ. ಗಾಬರಿಯಲ್ಲಿ ಒಬ್ಬರಿಗೆ, ನೀರಿನ ಮೇಲಿನ ಒತ್ತಡದ ಲೆಕ್ಕದಲ್ಲಿ, ನಿಮಿಷಕ್ಕೆ 25 ಲೀಟರ್ ಎಂದಿಟ್ಟುಕೊಂಡರೆ ಇಬ್ಬರಿಗೆ 50. ಆಳ 20 ಮೀಟರ್, ಒತ್ತಡ 3 ಬಾರ್. ಅಲ್ಲೇ ಒಂದು ನಿಮಿಷ ಕಳೆದರೆ 150 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ ಏರಲು ಸುಮಾರು 2.2 ನಿಮಿಷ, ಸರಾಸರಿ 2 ಬಾರ್‌ನಲ್ಲಿ 220 ಲೀಟರ್. 5 ಮೀಟರ್‌ನಲ್ಲಿ ಸುರಕ್ಷತೆಗೆಂದು ಮಾಡುವ 3 ನಿಮಿಷದ ನಿಲುಗಡೆಗೆ 225. ಒಟ್ಟು 595 ಲೀಟರ್, 12 ಲೀಟರ್ ಸಿಲಿಂಡರ್‌ನಲ್ಲಿ ಸುಮಾರು 50 ಬಾರ್. 30 ಮೀಟರ್‌ಗೆ ಇದೇ ಲೆಕ್ಕ 70 ಬಾರ್ ದಾಟುತ್ತದೆ. ಹಾಗಾಗಿ 50 ಬಾರ್ ಉಳಿಸಿದರೆ ಸಾಕೆಂಬ ಮಾತನ್ನು ಎಲ್ಲ ಆಳಕ್ಕೂ ನಂಬಬೇಡಿ. ಗಾಳಿ ಸಾಲದಿದ್ದರೆ ಮೊದಲು ಬಿಡಬೇಕಾದದ್ದು ಆ ಮೂರು ನಿಮಿಷದ ನಿಲುಗಡೆಯನ್ನು.

ಪ್ರತ್ಯೇಕ ರೆಗ್ಯುಲೇಟರ್ ಇರುವ ಪೋನಿ ಸಿಲಿಂಡರ್, ಅಂದರೆ ತುರ್ತಿಗೆಂದು ಜೊತೆಗೊಯ್ಯುವ ಸಣ್ಣ ಸಿಲಿಂಡರ್, 3 ಲೀಟರಿನದಾದರೆ 200 ಬಾರ್‌ನಲ್ಲಿ 600 ಲೀಟರ್ ಕೊಡುತ್ತದೆ, ಒಬ್ಬರಿಗೆ ಧಾರಾಳ. ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಸಿಲಿಂಡರ್‌ಗಳಲ್ಲಿ 85 ಲೀಟರ್ ಇದ್ದರೂ 20 ಮೀಟರ್‌ನಿಂದ ನಿಧಾನವಾಗಿ ಏರಲು ಸಾಲದು.

ಜೊತೆಗಾರ ದೂರವಿದ್ದು, ಆಳ 6ರಿಂದ 9 ಮೀಟರ್ ಒಳಗಿದ್ದರೆ ಒಂದೇ ಉಸಿರಿನಲ್ಲಿ ಈಜಿ ಮೇಲೇರಬಹುದು. ರೆಗ್ಯುಲೇಟರ್ ಬಾಯಲ್ಲೇ ಇರಲಿ: ಸುತ್ತಲ ಒತ್ತಡ ಇಳಿದಂತೆ ಸಿಲಿಂಡರ್‌ನಲ್ಲಿ ಉಳಿದ ಗಾಳಿ ಒಂದೆರಡು ಉಸಿರಿಗೆ ಸಿಗಬಹುದು. ಮೇಲೆ ನೋಡುತ್ತಾ, ಒಂದು ಕೈ ಮೇಲೆತ್ತಿ, ಇನ್ನೊಂದರಲ್ಲಿ ಬಿಸಿಡಿಯ ಗಾಳಿ ಬಿಡುವ ಕೊಳವೆ ಹಿಡಿದು, ‘ಆ’ ಎಂದು ದನಿ ಮಾಡುತ್ತಾ ಎಡೆಬಿಡದೆ ಉಸಿರು ಬಿಡುತ್ತಿರಿ. ಈ ತುರ್ತಿನಲ್ಲೂ ವೇಗ ನಿಮಿಷಕ್ಕೆ 18 ಮೀಟರ್ ಮೀರಬಾರದು. 9 ಮೀಟರ್‌ಗೆ ಅರ್ಧ ನಿಮಿಷ. ಶುರುವಿನಲ್ಲೇ ಎಲ್ಲ ಉಸಿರನ್ನೂ ಊದಿಬಿಡಬೇಡಿ, ಹಿಗ್ಗಿದಷ್ಟನ್ನು ಮಾತ್ರ ಬಿಡಿ. ಇನ್ನೂ ಆಳದಲ್ಲಿದ್ದು ಯಾರೂ ಇಲ್ಲವಾದರೆ ಕೊನೆಯ ದಾರಿ, ತೂಕದ ಬೆಲ್ಟ್ ಕಳಚಿ ತೇಲಿ ಬರುವುದು. ವೇಗ ಹತೋಟಿಯಲ್ಲಿರದು, ಆದ್ದರಿಂದ ಮೇಲ್ಮೈ ಸಮೀಪಿಸಿದಾಗ ಕೈಕಾಲು ಅಗಲಿಸಿ. ಉಸಿರು ಬಿಡುವುದನ್ನು ನಿಲ್ಲಿಸಬೇಡಿ.

ಮೇಲೆ ಬಂದ ಮೇಲೆ ಖಾಲಿ ಸಿಲಿಂಡರ್ ಬಿಸಿಡಿಯನ್ನು ತುಂಬಿಸದು. ಬಾಯಿಂದಲೇ ಊದಿ, ಬೆಲ್ಟ್ ಇನ್ನೂ ಇದ್ದರೆ ಕಳಚಿ. ಎದೆನೋವು, ತಲೆಸುತ್ತು, ಮಾತು ತೊದಲುವುದು, ಕೈಕಾಲು ಜೋಮು ಕಂಡರೆ ಮಲಗಿಸಿ ಶುದ್ಧ ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡುವ ನಮ್ಮ ಕಡೆಯವರು ಇನ್ನೊಂದನ್ನು ಗಮನಿಸಬೇಕು. ಘಾಟಿ ಹತ್ತಿ ಮೈಸೂರು ಸೇರುವಾಗ ಸಮುದ್ರಮಟ್ಟದಿಂದ 700 ಮೀಟರ್‌ಗೂ ಮೇಲಕ್ಕೆ ಬರುತ್ತೇವೆ, ಗಾಳಿಯ ಒತ್ತಡ ಮತ್ತಷ್ಟು ಇಳಿಯುತ್ತದೆ. ಅವಸರದಲ್ಲಿ ಮೇಲೆದ್ದು ಬಂದವರ ರಕ್ತದಲ್ಲಿ ಗುಳ್ಳೆಗಳಿದ್ದರೆ ಅವು ಆಗ ಹಿಗ್ಗುತ್ತವೆ. ವಿಮಾನ ಹತ್ತುವವರಿಗೆ ಹೇಳುವ ನಿಯಮವನ್ನೇ ಪಾಲಿಸಿ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕರಾವಳಿಯಲ್ಲೇ ಉಳಿಯಿರಿ. ಸಣ್ಣ ಲಕ್ಷಣ ಕಂಡರೂ ಘಾಟಿ ಹತ್ತುವ ಮುನ್ನವೇ ವೈದ್ಯರಿಗೆ ತೋರಿಸಿ, ಡೈವ್‌ನ ಆಳ ಮತ್ತು ಎಷ್ಟು ವೇಗದಲ್ಲಿ ಮೇಲೇರಿದಿರಿ ಎಂಬುದನ್ನು ತಿಳಿಸಿ.